ಡಿಕ್ಕಿಯ ಗಾದಿಗೊಂದು ತುತ್ತು

ಬೂದೆಪ್ಪ ಬಾಯಿ ಮುಚ್ಚಿಕೊಂಡು ಹನ್ನೊಂದು ದಿನವಾಗಿತ್ತು. ಮಾತಿಗೆ ಅಲ್ಲ, ಊಟಕ್ಕೆ. ಮಾತಿಗೆ ಆ ಬಾಯಿ ಮೊದಲಿಗಿಂತ ಜೋರಾಗಿಯೇ ತೆರೆಯುತ್ತಿತ್ತು.

"ತೆಗೀ ಆ ತಾಟು ಮುಂದಿನಿಂದ," ಎಂದ.

ಹಂಪಮ್ಮ ಜೋಳದ ರೊಟ್ಟಿ ಮುರಿದು ಬ್ಯಾಳಿಯಲ್ಲಿ ನೆನೆಸಿ, ಸಣ್ಣ ತುತ್ತು ಮಾಡಿ ಹಿಡಿದುಕೊಂಡು ಕೂತಿದ್ದಳು. "ಒಂದ ತುತ್ತ ರೀ. ಒಂದ ತಗೊಂಡ್ರ ಸುಮ್ಮನಾಗ್ತೀನಿ."

"ನಾ ಏನ್ ಕೂಸೇನ?"

"ಕೂಸು ಅಂದೋರು ಯಾರು? ಆ ಮಂದಾಕಿನಿ ಏನೋ ಅಂದ್ಲಂತ ಎಷ್ಟು ದಿನ ಹೊಟ್ಟಿ ಸುಡ್ತೀರಿ?"

ಮಂದಾಕಿನಿ ಪಕ್ಕದ ಮನೆಯವಳು. ಕೆಟ್ಟವಳಲ್ಲ, ಆದರೆ ನಾಲಿಗೆಗೆ ಬಾಗಿಲಿಲ್ಲದವಳು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು, ಹಂಪಮ್ಮ ಗಂಡನಿಗೆ ಉಣ್ಣಿಸುತ್ತಿದ್ದುದನ್ನು ಕಂಡು "ಅಯ್ಯ ಪಾಪ, ಕೂಸಿನಂಗ ಆಗ್ಯಾರಲ್ಲ" ಅಂದುಬಿಟ್ಟಿದ್ದಳು. ಅವಳು ಮಜ್ಜಿಗೆ ತೆಗೆದುಕೊಂಡು ಹೋದಳು, ಬೂದೆಪ್ಪನ ಊಟವೂ ಅವಳ ಹಿಂದೆಯೇ ಹೋಯಿತು.

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅವರದು ಎರಡು ಕೋಣೆಯ ಮನೆ. ಚಿತ್ತಾಪುರದ ಕಡೆಯಿಂದ ಹದಿನೆಂಟರ ವಯಸ್ಸಿಗೆ ಬಂದ ಬೂದೆಪ್ಪ, ಬೇಗಂಪೇಟೆಯ ಗ್ಯಾರೇಜುಗಳಲ್ಲಿ ಕಾರಿನ ಸೀಟು ಹೊಲಿಯುತ್ತ ನಲವತ್ತು ವರ್ಷ ತೆಗೆದಿದ್ದ. ಈ ವರ್ಷ ಸಂಕ್ರಾಂತಿ ಕಳೆದ ವಾರಕ್ಕೆ ಲಕ್ವಾ ಹೊಡೆಯಿತು. ಸೊಟ್ಟಗಾದ ಬಾಯಿ ನೆಟ್ಟಗಾಯಿತು, ಬಲಗಾಲು ಎಳೆದುಕೊಂಡಾದರೂ ನಡೆಯಿತು. ಬಲಗೈ ಮಾತ್ರ ಹಿಂದೆ ಉಳಿಯಿತು. ಬೆರಳು ಮಡಚಿದರೆ ಬಿಚ್ಚದು, ಬಿಚ್ಚಿದರೆ ಮಡಚದು. ಎಡಗೈಯಲ್ಲಿ ಊಟ ಮಾಡುವುದು ಅವನಿಗೆ ಆಗದ ಮಾತು. ಹೆಂಡತಿಯ ಕೈತುತ್ತು ಮಂದಾಕಿನಿಯ ದಿನದಿಂದ ಬಂದ್. ಉಳಿದದ್ದು ಅಂಬಲಿ. ಗ್ಲಾಸು ಹಿಡಿಯಲು ಎಡಗೈ ನಡೆಯುತ್ತದಂತೆ, ಅವನ ಶಾಸ್ತ್ರ ಅವನಿಗೆ. ಅಂಬಲಿಯ ಮೇಲೆ ಇದ್ದು ಇದ್ದು ಕೆನ್ನೆಯ ಎಲುಬುಗಳು ಮೇಲೆ ಬಂದಿದ್ದವು. ಆಸ್ಪತ್ರೆಯ ಡಾಕ್ಟರು ಮಗ ಗುರುಶಾಂತನನ್ನು ಪಕ್ಕಕ್ಕೆ ಕರೆದು, ಹೀಗೇ ಆದರೆ ಇನ್ನೊಂದು ಹೊಡೆತ ತಡೆಯುವ ತ್ರಾಣ ಮೈಯಲ್ಲಿ ಇರುವುದಿಲ್ಲ ಎಂದಿದ್ದರು.

ಗುರುಶಾಂತ ಒಬ್ಬನೇ ಮಗ. ತಂದೆಯ ಕಸುಬು ಕಲಿತು, ನಾಲ್ಕು ವರ್ಷ ಮಾಡಿ, ಬಿಟ್ಟು, ಹೈಟೆಕ್ ಸಿಟಿಯ ಕಂಪನಿ ಹುಡುಗ ಹುಡುಗಿಯರನ್ನು ರಾತ್ರಿ ಪಾಳಿಗೆ ಮುಟ್ಟಿಸುವ ಕ್ಯಾಬ್ ಹಿಡಿದಿದ್ದ. ಬೆಳಿಗ್ಗೆ ಹತ್ತಕ್ಕೆ ಮನೆಗೆ ಬಂದು ಉಂಡು ಮಲಗುವುದು ಅವನ ದಿನಚರಿ. ಅಂದೂ ಬಂದು ಕೈಕಾಲು ತೊಳೆದು ತಾಟಿನ ಮುಂದೆ ಕೂತ.

"ಅಪ್ಪಾ, ಚಮಚಾದಿಂದರೆ ಉಣ್ಣು. ದೊಡ್ಡ ದೊಡ್ಡ ಮಂದಿ ಚಮಚಾದಿಂದ ಉಣ್ತಾರ."

"ಆ ಮಂದಿನ್ನ ನೀ ಗಾಡ್ಯಾಗ ಹೊತ್ತು ತಿರಗು. ನನಗ ಹೇಳಬ್ಯಾಡ."

"ಹಂಗಾರ ಉಪಾಸ ಸಾಯ್ತೀಯೇನು?"

"ಕೈ ಬಂದ್ರ ಉಣ್ತೀನಿ. ಬರಲಿಲ್ಲ ಅಂದ್ರ ಇನ್ನೊಬ್ಬರ ಕೈ ನೋಡ್ಕೊಂತ ಇರಾಂವ ನಾ ಅಲ್ಲ."

ಒಳಗಿನಿಂದ ಸೊಸೆ ಸುಮಂಗಲಾ ಬಂದು ಬಾಗಿಲಿಗೆ ಒರಗಿ ನಿಂತಳು. ರೊಟ್ಟಿ ಬಡಿದು ಬಡಿದು ಅವಳ ಮುಖ ಕೆಂಪಾಗಿತ್ತು. "ಮಾವಾರು ಉಣ್ಣಂಗಿಲ್ಲ. ಅವರು ಉಣಲಿಲ್ಲಂತ ಅತ್ತಿನೂ ಬರೀ ಅಂಬಲಿ ಮ್ಯಾಲ ಅದಾರ. ಹೊತ್ತಿಗೆ ಎಂಟು ರೊಟ್ಟಿ ಮಾಡಿ ನಾ ಯಾರ ಬಾಯಿಗೆ ಹಾಕ್ಲಿ? ನಾಳೆಯಿಂದ ಒಲಿ ಹಚ್ಚಂಗಿಲ್ಲ ನೋಡ್ರಿ."

ಗುರುಶಾಂತ ತಾನೂ ಎರಡನೇ ರೊಟ್ಟಿಯನ್ನು ಬಿಟ್ಟು ಎದ್ದ. ಮಲಗಲಿಲ್ಲ, ಅಂಗಿ ಹಾಕಿಕೊಂಡು ಬೇಗಂಪೇಟೆಗೆ ಹೋದ.

ಬೇಗಂಪೇಟೆಯಲ್ಲಿ ಗ್ಯಾರೇಜುಗಳಿದ್ದ ಸಾಲಿನಲ್ಲಿ ಈಗ ಗಾಜಿನ ಕಟ್ಟಡಗಳು ಎದ್ದಿದ್ದವು. ಉಳಿದಿದ್ದ ಒಂದೆರಡರಲ್ಲಿ ಲಾಡ್ಲೇಸಾಬ್ ಉಸ್ತಾದನದೂ ಒಂದು. ಅವನು ಆಳಂದದವನು, ಬೂದೆಪ್ಪನ ಜೊತೆಯಲ್ಲೇ ಈ ಊರಿಗೆ ಬಂದು ನಿಂತವನು. ಕಂಪನಿಗಳಲ್ಲಿ ಕೆಲಸ ಮಾಡುವ ಹುಡುಗರಿಗೆ ಹಳೆಯ ಕಾರುಗಳ ಹುಚ್ಚು ಹಿಡಿದದ್ದರಿಂದ ಅವನ ಗ್ಯಾರೇಜು ಉಸಿರಾಡುತ್ತಿತ್ತು.

"ಉಸ್ತಾದ್, ಅಪ್ಪಗ ಏನರೆ ಕೆಲಸ ಕೊಡ್ರಿ," ಎಂದ ಗುರುಶಾಂತ. "ಯಾರ ಕಣ್ಣಿಗೂ ಬೀಳದಂಥ ಕೆಲಸ. ಕೆಟ್ರೂ ನಡೀಬೇಕು. ಕೆಲಸ ಅಂತ ಕೈಗೆ ಬಂದ್ರ ಅಪ್ಪ ಉಣ್ತಾನೇನೋ ಅಂತ ಆಸೆ."

ಉಸ್ತಾದ ಗಡ್ಡ ಕೆರೆದುಕೊಂಡ. ಮೂಲೆಯಲ್ಲಿ ಐವತ್ತೊಂಬತ್ತರ ಪ್ಲಿಮತ್ ಕಾರೊಂದು ಅರ್ಧ ಬಿಚ್ಚಿಸಿಕೊಂಡು ನಿಂತಿತ್ತು. ಯಾವುದೋ ನವಾಬರ ದೇವಡಿಯ ಹಿತ್ತಲಿನಲ್ಲಿ ಕೋಳಿಗಳ ಗೂಡಾಗಿದ್ದ ಆ ಕಾರನ್ನು ಮೈಸೂರಿನ ತರುಣ ಎಂಬ ಹುಡುಗ ಕೊಂಡಿದ್ದ. "ಇದರ ಡಿಕ್ಕಿ ಮುಚ್ಚಳಕ್ಕ ಒಳಗಿಂದ ಹಾಕೋ ಗಾದಿ ಐತಿ. ಸದ್ದು ಕುಡ್ಯಾಕ ಅಂತ ಇರ್ತದ. ಡಿಕ್ಕಿ ತೆಗೆದವರು ಸಾಮಾನು ನೋಡ್ತಾರ, ಮ್ಯಾಲ ಯಾರು ನೋಡ್ತಾರ? ಕಳಿಸು ಅವನ್ನ."

ಮರುದಿನ ಬೂದೆಪ್ಪ ಮಗನ ಕ್ಯಾಬಿನಲ್ಲಿ ಗ್ಯಾರೇಜಿಗೆ ಬಂದ. ಪ್ಲಿಮತ್ತಿನ ಡಿಕ್ಕಿಯಲ್ಲಿ ಇಬ್ಬರು ಆರಾಮಾಗಿ ಮಲಗಬಹುದಿತ್ತು. ಮೇಲೆತ್ತಿದ ಮುಚ್ಚಳದ ಒಳಮೈಗೆ ಅಂಟಿದ್ದ ಹಳೆಯ ಗಾದಿ ಅರ್ಧ ಜೋತುಬಿದ್ದು, ಮುಟ್ಟಿದರೆ ತೌಡಿನ ಹಾಗೆ ಉದುರುತ್ತಿತ್ತು. ತರುಣನೂ ಬಂದಿದ್ದ.

"ಡಿಕ್ಕಿ ಹಾಕಿದ್ರೆ ಖಾಲಿ ತಗಡಿನ ಡಬ್ಬದ ಥರ ಸದ್ದು ಬರುತ್ತೆ ಯಜಮಾನ್ರೇ. ಹಳೇ ಕಾಲದಲ್ಲಿ ಹೇಗಿತ್ತೋ ಹಾಗೇ ಮೆತ್ತಗೆ ಕೂತ್ಕೋಬೇಕು."

ಬೂದೆಪ್ಪ ಮುಚ್ಚಳದ ಕೆಳಗೆ ತಲೆ ಹಾಕಿ ಸುಮಾರು ಹೊತ್ತು ನಿಂತ. ಹಿಂದೆ ಸರಿದಾಗ ಅವನ ತಲೆಯ ಮೇಲೆಲ್ಲ ಹಳೆಯ ಉಣ್ಣೆಯ ಪುಡಿ ಬಿದ್ದಿತ್ತು. "ಇದನ್ನ ಹೋದ ಸಲ ಮಾಡಿದಾಂವ ಬರೀ ಸೊಲ್ಯೂಶನ್ ಮ್ಯಾಲ ಭರೋಸಾ ಇಟ್ಟಾನ. ಇದೇನು ನೆಲಕ್ಕ ಹಾಸೋದಲ್ಲ ಸಾಹೇಬ್ರ, ತಲಿ ಮ್ಯಾಲ ತೂಗಾಡೋದು. ಅಂಟು ಒಣಗಿತು ಅಂದ್ರ ಈ ಉಣ್ಣಿ ನಮ್ದಾ ಜೋತು ಬೀಳ್ತದ. ಗೇಣಿಗೆ ನಾಕು ಸಾಲು ಕೈಹೊಲಿಗಿ ಹಾಕಿ, ಮ್ಯಾಲಿನ ಅರಿವಿಗೆ ಹಿಡಿಸಿಬಿಟ್ರ ಮೂವತ್ತು ವರ್ಷ ಅಲ್ಲಾಡಂಗಿಲ್ಲ. ಸೊಲ್ಯೂಶನ್ ಅಂಚಿಗಷ್ಟ ಸಾಕು."

"ಕೈಹೊಲಿಗೆನಾ? ಮಷೀನಲ್ಲಿ ಆಗಲ್ವಾ?"

"ಮಷೀನಿನ ಹೊಲಿಗಿ ನಮ್ದಾ ಹರೀತದ. ನಾ ಕೈಲೆ ಹಾಕ್ತೀನಿ."

ಉಸ್ತಾದ ಗುರುಶಾಂತನ ಮುಖ ನೋಡಿದ. ಗುರುಶಾಂತ ನೆಲ ನೋಡಿದ. ಹಾಳೆ ಹಿಡಿದು ಮುಚ್ಚಳದ ಅಳತೆ ತೆಗೆದದ್ದು, ಒತ್ತಿದ ಉಣ್ಣೆಯ ದಪ್ಪ ನಮ್ದಾ ಕತ್ತರಿಸಿದ್ದು, ಮೇಲಿನ ಕರಿಯ ಬಟ್ಟೆ ಕತ್ತರಿಸಿದ್ದು ಎಲ್ಲ ಗ್ಯಾರೇಜಿನವರೇ. ಸಾಲುಗಳನ್ನು ಸೀಮೆಸುಣ್ಣದಲ್ಲಿ ಎಳೆದವನು ಮಾತ್ರ ಬೂದೆಪ್ಪ, ಅದೂ ಎಡಗೈಯಲ್ಲಿ. ಸಂಜೆಗೆ ಹಾಸಿಗೆಯಷ್ಟು ಅಗಲದ ಆ ಸುರುಳಿ ಮನೆಗೆ ಬಂತು.

ಮಂಚದ ಮೇಲೆ ಅದನ್ನು ಹಾಸಿಸಿ, ಸೂಜಿಗೆ ದಾರ ಹಾಕಿಸಿ ಇಟ್ಟುಕೊಂಡ ಬೂದೆಪ್ಪ, "ಹಂಪಿ, ತಾಟು ಹಚ್ಚು," ಎಂದ. "ನಾಳೆಯಿಂದ ಕೆಲಸ ಐತಿ. ಅಂಬಲಿ ಮ್ಯಾಲ ಸೂಜಿ ನಡೆಯಂಗಿಲ್ಲ."

ಬಲಗೈ ತಾಟಿಗೆ ಇಳಿಯಿತು. ರೊಟ್ಟಿ ಹಿಡಿಯಲು ಹೋದರೆ ಜಾರಿತು, ಮತ್ತೆ ಹೋಯಿತು, ಮತ್ತೆ ಜಾರಿತು. ಹಂಪಮ್ಮ ಸಹಾಯಕ್ಕೆ ಕೈ ಚಾಚಿದವಳು ಸೊಸೆ ಕಣ್ಣು ಬಿಟ್ಟದ್ದನ್ನು ಕಂಡು ಹಿಂದೆ ತೆಗೆದುಕೊಂಡಳು. ಅರ್ಧ ಮಡಿಲಿಗೆ, ಕಾಲು ಭಾಗ ಗಡ್ಡಕ್ಕೆ, ಉಳಿದದ್ದು ಬಾಯಿಗೆ. ಮೂರು ತುತ್ತು. ಒಳಗೆ ಹೋಗಿ ಹಂಪಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಹನ್ನೆರಡನೆಯ ದಿನಕ್ಕೆ ತಾನೂ ಒಂದು ರೊಟ್ಟಿ ತಿಂದಳು.

ಕೆಲಸ ಶುರುವಾಯಿತು. ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಬಲಗೈಗೆ ಸೂಜಿ ಸಿಕ್ಕಿಸಿಕೊಂಡು ಕೂತವನು ಹನ್ನೆರಡಕ್ಕೆ ಒಂದು ಗೇಣು ಸಾಲು ಹಾಕಿದ್ದ. ಉಂಡು, ಎರಡು ಗಂಟೆಗೆ ಗೋಡೆಯ ಕಡೆ ತಿರುಗಿ ಮಲಗಿದ. ಹಂಪಮ್ಮ ಬಂದು ನೋಡಿದಳು. ಸೀಮೆಸುಣ್ಣದ ಗೆರೆ ಒಂದು ಕಡೆ, ದಾರ ಒಂದು ಕಡೆ. ಒಂದು ಹೊಲಿಗೆ ಜೋಳದಷ್ಟು, ಮುಂದಿನದು ಬೆರಳುದ್ದ. ನಾಲ್ಕು ಕಡೆ ದಾರ ಗಂಟಾಗಿ ಕೂತಿತ್ತು. ಇದನ್ನು ಉಸ್ತಾದ ನೋಡಿದರೆ ನಗುತ್ತಾನೆ. ಉಸ್ತಾದ ನಗುವುದಕ್ಕೆ ಮುಂಚೆ ಇವನೇ ಎದ್ದು ನೋಡುತ್ತಾನೆ, ಮತ್ತೆ ಬಾಯಿ ಮುಚ್ಚುತ್ತಾನೆ.

ಅವಳು ಸುಮ್ಮನೆ ಕೂತು ಆ ಒಂದು ಗೇಣನ್ನು ಬಿಚ್ಚಿದಳು, ಮತ್ತೆ ಹೊಲಿದಳು. ಹೊಲಿಗೆ ಅವಳಿಗೆ ಹೊಸದಲ್ಲ. ತವರಿನಲ್ಲಿ ತಾಯಿಯ ಪಕ್ಕ ಕೂತು ಕೌದಿ ಹೊಲಿದು ಬೆಳೆದವಳು, ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಸಾಲು ಹಾಕುವುದು ಅವಳಿಗೆ ಕಣ್ಣು ಮುಚ್ಚಿದರೂ ಬರುವ ಕೆಲಸ. ಗಲ್ಲಿಯ ಅರ್ಧ ಮನೆಗಳಲ್ಲಿ ಅವಳ ಕೌದಿಗಳಿದ್ದವು. ಕಡೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಒಳಗಿಟ್ಟೇ ಹೊಲಿಯುತ್ತಿದ್ದಳು. ಕೌದಿ ಹಸಿದಿರಬಾರದು, ಹಸಿದರೆ ಹೊದ್ದವರ ಹೊಟ್ಟೆ ಹಸಿಯುತ್ತದೆ ಎಂದು ಅವಳ ತಾಯಿ ಹೇಳಿದ್ದಳು. ಬೂದೆಪ್ಪ ಗಟ್ಟಿ ಇದ್ದಾಗ "ಮೊದಲ ನಿನ್ನ ಕೌದಿಗೆ ಬಡಿಸು, ನಂದು ಆಮ್ಯಾಲ" ಎಂದು ಕಾಡಿಸುತ್ತಿದ್ದ.

ಮರುದಿನ ಬೂದೆಪ್ಪ ಸಾಲಿನ ಮೇಲೆ ಎಡಗೈ ಬೆರಳು ಆಡಿಸಿದ. ಹಂಪಮ್ಮ ತಲೆ ಎತ್ತದೆ ಅಕ್ಕಿ ಆರಿಸುತ್ತಿದ್ದಳು.

"ನಿನ್ನೆ ಡೊಂಕು ಕಂಡಿತ್ತಲ್ಲ ಇದು."

"ಬೆಳಕಿರಲಿಲ್ಲರಿ."

"ಬೆಳಕಲ್ಲ. ದಾರ ಒಂದ ದಿನ ಬಿಟ್ರ ಕೂಡ್ತದ, ನೆಟ್ಟಗಾಗ್ತದ." ಅವನು ನಕ್ಕ. ಲಕ್ವಾ ಹೊಡೆದ ಮೇಲೆ ಅದೇ ಮೊದಲು. "ಕೈ ತಿರುಗಾಕತ್ತೈತಿ ಹಂಪಿ."

ಅಂದು ಅವನು ಒಂದು ರೊಟ್ಟಿ ತಿಂದ, ತನ್ನ ಕೈಯಿಂದಲೇ.

ಹೀಗೆ ನಡೆಯಿತು. ಬೆಳಿಗ್ಗೆ ಅವನು ಹೊಲಿಯುವುದು, ಮಧ್ಯಾಹ್ನ ಅವಳು ಬಿಚ್ಚಿ ಹೊಲಿಯುವುದು. ದೊಡ್ಡ ಗಾದಿಯನ್ನು ಮಂಚದ ಮೇಲೆ ತಿರುವಿ ಹಾಕುವುದು ಅವನಿಗೆ ಆಗುತ್ತಿರಲಿಲ್ಲ, ಅದನ್ನೂ ಅವಳೇ ಮಾಡುತ್ತಿದ್ದಳು. ಹಿಂಬದಿ ಅವನ ಕಣ್ಣಿಗೆ ಬೀಳಲೇ ಇಲ್ಲ. ಐದನೆಯ ದಿನ ಸುಮಂಗಲಾ ಅತ್ತೆಯನ್ನು ಹಿಡಿದಳು. ಪಾತ್ರೆ ತೊಳೆಯುವವರು ಯಾರೂ ಇಲ್ಲವೆಂದು ಜಗಳಕ್ಕೆ ಬಂದವಳು ಅಲ್ಲೇ ನಿಂತಳು.

"ಅತ್ತಿ, ಏನ್ ಮಾಡಾಕತ್ತೀರಿ?"

"ಮೆಲ್ಲಕ ಮಾತಾಡವ್ವ."

"ಮಾವಾರ ಹೊಲಿಗಿ ಬಿಚ್ಚಾಕತ್ತೀರಿ."

"ಬಿಚ್ಚಿ ಮತ್ತ ಹಾಕಾಕತ್ತೀನಿ. ನೋಡು, ನಿನ್ನೆ ಒಂದೂವರೆ ರೊಟ್ಟಿ ಉಂಡಾರ."

"ಒಂದ ದಿನ ಗೊತ್ತಾದ್ರ?"

"ಗೊತ್ತಾಗೂದು ಆಮ್ಯಾಲಿನ ಮಾತು. ಉಣ್ಣೂದು ಇವತ್ತಿನ ಮಾತು."

ಸುಮಂಗಲಾಳಿಗೆ ಇನ್ನೂ ಬಹಳ ಹೇಳುವುದಿತ್ತು. ಮಂಚದ ಆಚೆ ಗೋಡೆಯ ಕಡೆ ತಿರುಗಿ ಮಲಗಿದ್ದ ಮಾವನ ಕತ್ತಿನಲ್ಲಿ ಎದ್ದು ಕಾಣುವ ನರ ನೋಡಿದಳು. ಪಾತ್ರೆಗಳನ್ನು ತಾನೇ ಬಳಿದುಕೊಂಡು ಹೋದಳು. ಅಂದಿನಿಂದ ಮಾವ ಮಗ್ಗಲು ಬದಲಿಸಿದರೆ ಅವಳು ಹಿತ್ತಲಿಂದ ಕೆಮ್ಮುವುದು, ಅತ್ತೆ ಸೂಜಿ ಬಿಡುವುದು ಎಂದಾಯಿತು. ಮೂರು ವರ್ಷದಲ್ಲಿ ಒಂದು ದಿನವೂ ಹೊಂದದ ಅತ್ತೆ ಸೊಸೆ ಈ ಕಳ್ಳತನದಲ್ಲಿ ಹೊಂದಿಕೊಂಡರು.

ಗುರುಶಾಂತನಿಗೆ ಗೊತ್ತಾದದ್ದು ಎರಡನೆಯ ವಾರ, ಹಗಲು ನಿದ್ದೆ ಬಾರದೆ ನೀರಿಗೆ ಎದ್ದಾಗ. ಅವನು ತಾಯಿಯನ್ನು ಅಡಿಗೆಮನೆಗೆ ಕರೆದುಕೊಂಡು ಹೋದ.

"ಅವ್ವಾ, ಇದು ಮೋಸ."

"ಹೌದಪ್ಪ."

"ಅಂವಗ ಕೈ ಬಂದೈತಿ ಅಂತ ತಿಳ್ಕೊಂಡಾನ. ನಿನ್ನೆ ನನ್ನ ಮುಂದ ಏನಂದ ಗೊತ್ತೈತೇನು? ನೀನೂ ಕ್ಯಾಬು ಬಿಡು, ತಂದಿ ಮಗ ಕೂಡಿ ಮತ್ತ ಸೀಟಿನ ಕೆಲಸ ಹಿಡಿಯೂಣು ಅಂದ."

"ನೀ ಉಸ್ತಾದನ ಕೈಕಾಲು ಹಿಡಿದು ಕೆಲಸ ತಂದಿ. ಕೆಟ್ರೂ ನಡೀತದ ಅಂತ ಹೇಳಿ ತಂದಿ. ಅದೇನು?"

ಗುರುಶಾಂತ ಲೋಟಕ್ಕೆ ನೀರು ಬಗ್ಗಿಸಿಕೊಂಡ.

"ನಿಂದು ಮೋಸ ಅಲ್ಲೇನು?" ಎಂದಳು ಹಂಪಮ್ಮ. "ನಾ ಬರೀ ಅದರ ಮುಂದಿನ ಸಾಲು ಹಾಕಾಕತ್ತೀನಿ."

ಅವನು ನೀರು ಕುಡಿಯದೆ ಹೋಗಿ ಮಲಗಿದ. ನಿದ್ದೆಯಂತೂ ಬರಲಿಲ್ಲ.

ನಾಲ್ಕನೆಯ ವಾರಕ್ಕೆ ಒಂದು ಮೂಲೆ ಉಳಿಯಿತು. ಅದನ್ನು ಮುಚ್ಚುವ ಮಧ್ಯಾಹ್ನ ಹಂಪಮ್ಮ ಅಡಿಗೆಮನೆಗೆ ಹೋಗಿ, ಗಂಡ ತನ್ನ ಕೈಯಿಂದ ಮುರಿದು ಬಿಟ್ಟ ರೊಟ್ಟಿಯ ಚೂರೊಂದನ್ನು ತಂದಳು. ತನ್ನ ಹಳೆಯ ಹಸಿರು ಇಳಕಲ್ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿದಳು.

"ಅತ್ತಿ, ಅದು ಕೌದಿ ಅಲ್ಲ," ಎಂದಳು ಸುಮಂಗಲಾ.

"ಹೊಲಿದದ್ದು ಯಾವುದಾದ್ರೇನವ್ವ?"

"ಕಾರಿಂದು ಅದು. ಡಿಕ್ಕಿಗೆ ಹಸಿವಿ ಆಗ್ತದೇನು?"

"ಈ ಮನಿಯೊಳಗ ಹನ್ನೊಂದು ದಿನ ಹಸಿವಿ ಇತ್ತು. ಇದೂ ಈ ಮನಿಯೊಳಗ ಹುಟ್ಟೈತಿ. ಬರೀ ಹೊಟ್ಟಿಲೆ ಹೊರಗ ಕಳಿಸಿದ್ರ ಮತ್ತ ಆ ಉಪಾಸ ನಮ್ಮನಿಗೇ ತಿರುಗಿ ಬರ್ತದ."

"ನೀವು ಏನರೆ ಮಾಡ್ರಿ," ಎಂದು ಸೊಸೆ ಎದ್ದು ಹೋದಳು. ಹಂಪಮ್ಮ ಹಸಿರು ಗಂಟನ್ನು ನಮ್ದಾದ ಒಳಗೆ ಸರಿಸಿ, ಕಣ್ಣಿಗೊತ್ತಿಕೊಂಡು, ಮೂಲೆ ಮುಚ್ಚಿದಳು.

ಗಾದಿ ಗ್ಯಾರೇಜಿಗೆ ಹೋಯಿತು. ಕಿಸೆಯಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಬೂದೆಪ್ಪನೂ ಹೋದ. ಮುಚ್ಚಳದ ಅಂಚಿಗೆ ಸೊಲ್ಯೂಶನ್ ಬಳಿದು, ಅದು ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಎಲ್ಲರನ್ನೂ ಕಾಯಿಸಿ, ಒತ್ತಿಸಿ, ಕ್ಲಿಪ್ಪು ಹಾಕಿಸಿದ. ತರುಣ ಡಿಕ್ಕಿ ಮುಚ್ಚಿದ. ಮೆತ್ತಗೆ ಕೂತಿತು. ತೆರೆದು ಮತ್ತೆ ಮುಚ್ಚಿದ, ಮತ್ತೆ ತೆರೆದ. ಹುಡುಗನಿಗೆ ಆಟವಾಯಿತು.

ಲಾಡ್ಲೇಸಾಬ್ ಮಾತ್ರ ಸಾಲುಗಳ ಮೇಲೆ ಕಣ್ಣು ನೆಟ್ಟು ನಿಂತಿದ್ದ. ನಂಬಲಾರದವನ ಮುಖ ಅದು. "ಬೂದೆಪ್ಪಾ, ಲಕ್ವಾಕ್ಕ ಮೊದಲೂ ನಿನ್ನ ಹೊಲಿಗಿ ಇಷ್ಟು ಸಾಫ್ ಇರಲಿಲ್ಲಲ್ಲೋ. ಬಣ್ಣದ ಕೆಲಸ ಮುಗೀಲಿ, ಸೀಟೂ ನಿಂದೇ. ಮೂರು ವಾರ ಬಿಟ್ಟು ಸೋಮವಾರ ಬಾ. ಇಲ್ಲೇ ಕೂತು ಮಾಡು."

ಬೂದೆಪ್ಪ ಮನೆಗೆ ಬಂದು ಎರಡು ರೊಟ್ಟಿ ತಿಂದು ಮೂರನೆಯದನ್ನು ಕೇಳಿದ. ಮನೆಯ ಉಳಿದ ಮೂವರಿಗೆ ಅಂದು ಅನ್ನ ಇಳಿಯಲಿಲ್ಲ.

"ಇಲ್ಲೇ ಕೂತು ಅಂದಾನ ಉಸ್ತಾದ," ಎಂದ ಗುರುಶಾಂತ, ತಂದೆ ಬೀದಿ ಬಾಗಿಲಲ್ಲಿ ಕೂತಿರುವುದನ್ನು ಖಚಿತ ಮಾಡಿಕೊಂಡು. "ಅಲ್ಲಿ ಮಧ್ಯಾನ ಯಾರು ಹೋಗಿ ಬಿಚ್ಚಿ ಹೊಲಿತಾರವ್ವ?"

"ನೀ ಹೇಳಿಬಿಡು," ಎಂದಳು ಸುಮಂಗಲಾ.

"ನಾನ್ಯಾಕ ಹೇಳ್ಲಿ? ಹೊಲಿದಾಕಿ ಅವ್ವ."

"ನಾ ಹೇಳಂಗಿಲ್ಲ," ಎಂದಳು ಹಂಪಮ್ಮ. "ತುತ್ತು ಕೆಳಗ ಬಿದ್ರೂ ಮತ್ತ ತಾನ ಎತ್ತಾಕತ್ತಾರ. ಆ ಕೈ ನೋಡ್ಕೊಂತ ನಾ ಹ್ಯಾಂಗ ಹೇಳ್ಲಿ?"

"ಹಂಗಾರ ಸೋಮವಾರ ಏನ್ ಮಾಡ್ತೀರಿ?"

"ಅಷ್ಟರಾಗ ಕೈ ಖರೇನ ಬಂದ್ರ?"

ಅವಳ ಆಸೆ ಪೂರಾ ಸುಳ್ಳಲ್ಲ. ತಾಟಿನಲ್ಲಿ ಆ ಕೈ ನಿಜವಾಗಿ ಸುಧಾರಿಸಿತ್ತು. ಹೆಬ್ಬೆರಳು ರೊಟ್ಟಿಯನ್ನು ಒತ್ತಿ ಹಿಡಿಯುತ್ತಿತ್ತು, ಬ್ಯಾಳಿ ಈಗ ಮಡಿಲಿಗೆ ಬೀಳುತ್ತಿರಲಿಲ್ಲ. ಆದರೆ ಊಟ ಬೇರೆ, ಸೂಜಿ ಬೇರೆ. ಅಭ್ಯಾಸಕ್ಕೆಂದು ಅವನು ಹಳೆಯ ಚೀಲದ ಮೇಲೆ ಹಾಕಿದ ಸಾಲುಗಳು ಮೊದಲ ದಿನದಷ್ಟೇ ಡೊಂಕಾಗಿದ್ದವು. ಆ ಚೀಲವನ್ನೂ ಹಂಪಮ್ಮ ಮಧ್ಯಾಹ್ನ ಬಿಚ್ಚಿ ಹೊಲಿದಳು. ಬೇರೆ ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಶುಕ್ರವಾರ ಬಂತು, ಶನಿವಾರ ಹೋಯಿತು, ಹೇಳುವವರು ಯಾರೂ ಹುಟ್ಟಲಿಲ್ಲ.

ಸೋಮವಾರ ಬೂದೆಪ್ಪ ವಿಭೂತಿ ಹಚ್ಚಿಕೊಂಡು, ಒಗೆದ ಅಂಗಿ ಹಾಕಿಕೊಂಡು, ತನ್ನ ಹಳೆಯ ಕತ್ತರಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಹೊರಟ. ಗುರುಶಾಂತ ಕರೆದೊಯ್ದ. ದಾರಿಯುದ್ದಕ್ಕೂ ಹೇಳಬೇಕೆಂದು ನಾಲ್ಕು ಸಲ ಬಾಯಿ ತೆರೆದ, ನಾಲ್ಕು ಸಲವೂ ಹಾರ್ನ್ ಬಾರಿಸಿದ.

ಗ್ಯಾರೇಜಿನಲ್ಲಿ ಹೊಸ ಬಣ್ಣದ ಪ್ಲಿಮತ್ ಹೊಳೆಯುತ್ತಿತ್ತು. ಬಣ್ಣಕ್ಕೆಂದು ಮೂರು ವಾರ ಅದು ಹಿಂದಿನ ಶೆಡ್ಡಿನಲ್ಲಿ ಡಿಕ್ಕಿ ಮುಚ್ಚಿಕೊಂಡು ನಿಂತಿತ್ತು. ತರುಣ ಮತ್ತು ಉಸ್ತಾದ ಡಿಕ್ಕಿ ತೆರೆದುಕೊಂಡು ಒಳಗೆ ನೋಡುತ್ತಿದ್ದರು. ಇಬ್ಬರ ಮುಖವೂ ಸರಿಯಿರಲಿಲ್ಲ.

ಗಾದಿಯ ಮೂಲೆಯಲ್ಲಿ ಅಂಗೈಯಷ್ಟು ತೂತು. ಇಲಿ ನಮ್ದಾ ಕೊರೆದು, ಕೆಳಗಿಳಿದು, ಹಿಂದಿನ ದೀಪಗಳ ವೈರನ್ನೂ ಕಡಿದಿತ್ತು. ಉಸ್ತಾದ ಕ್ಲಿಪ್ಪು ಬಿಚ್ಚಿ ಗಾದಿಯನ್ನು ಎಳೆದ. ಅದು ಹಿಂಬದಿ ಮೇಲಾಗಿ ಡಿಕ್ಕಿಯ ಅಂಚಿಗೆ ಮಗುಚಿಕೊಂಡು ಬಿತ್ತು. ತೂತಿನಿಂದ ಹಸಿರು ಅರಿವೆಯ ಗಂಟೊಂದು ಉದುರಿತು. ಒಳಗೆ ಇಲಿ ತಿಂದು ಉಳಿಸಿದ ಜೋಳದ ರೊಟ್ಟಿಯ ಚೂರಿತ್ತು.

"ಏನಿದು? ರೊಟ್ಟಿನಾ?" ಎಂದ ತರುಣ. "ಭಾನುವಾರ ಹಳೇ ಕಾರುಗಳ ಮೆರವಣಿಗೆ ಇದೆ ಉಸ್ತಾದ್. ವೈರಿಂಗ್ ಪೂರ್ತಿ ಬಿಚ್ಚಬೇಕಾಗುತ್ತೆ. ಕಾರಿನೊಳಗೆ ಊಟ ಯಾರಾದ್ರೂ ಇಟ್ಟು ಹೊಲೀತಾರಾ?"

ಬೂದೆಪ್ಪ ಆ ಹಸಿರು ತುಂಡನ್ನು ನೋಡಿದ. ಆ ಸೀರೆಯನ್ನು ಅವನೇ ತಂದುಕೊಟ್ಟದ್ದು. ಹಂಪಿ ಮೂಲೆಯಲ್ಲಿ ತನ್ನ ಪದ್ಧತಿ ಮಾಡಿದ್ದಾಳೆ, ಇಷ್ಟೇ ತಾನೇ ಎಂದುಕೊಂಡವನ ಕಣ್ಣು ಗಾದಿಯ ಹಿಂಬದಿಗೆ ಹೋಯಿತು. ಸೀಟಿನ ಕೆಲಸದವರು ಸಾಲಿನ ಕೊನೆಗೆ ಒಂದೇ ಗಂಟು ಹಾಕಿ ಅದನ್ನು ಒಳಗೆ ಎಳೆದು ಮುಚ್ಚುತ್ತಾರೆ. ಕೌದಿಯವರು ಎರಡು ಗಂಟು ಹಾಕಿ ಹೊರಗೆ ಬಿಡುತ್ತಾರೆ. ಅವನು ಎಡಗೈ ಬೆರಳಿಟ್ಟು ನೋಡುತ್ತ ಹೋದ. ಮೊದಲ ಸಾಲು, ಎರಡು ಗಂಟು. ಎರಡನೆಯದು, ಎರಡು ಗಂಟು. ಕೊನೆಯ ಸಾಲಿನವರೆಗೂ ಅವನ ಬೆರಳು ಹೋಯಿತು. ಗುರುಶಾಂತ ಹಿಂದೆ ನಿಂತು ಎಲ್ಲವನ್ನೂ ನೋಡಿದ, ಬೆನ್ನು ಗೋಡೆಗೆ ಕೊಟ್ಟ.

"ಬೂದೆಪ್ಪಾ, ಯಾರು ಇಟ್ಟಾರೋ ಇದನ್ನ?" ಉಸ್ತಾದ ಕೇಳಿದ.

"ನಾನೇ."

"ನೀನು? ನಲವತ್ತು ವರ್ಷ ಈ ಕೆಲಸ ಮಾಡಿದಾಂವ? ಇಲಿ ಬರ್ತದ ಅಂತ ತಿಳೀಲಿಲ್ಲ?"

"ನಮ್ಮ ಕಡೆ ಪದ್ಧತಿ ಐತಿ. ಹೊಲಿದದ್ದು ಹಸಿದಿರಬಾರದು."

"ಉಸ್ತಾದ್, ಅಪ್ಪ ಅಲ್ಲ..." ಎಂದು ಗುರುಶಾಂತ ಮುಂದೆ ಬಂದ.

"ನೀ ಸುಮ್ಮನಿರು," ಎಂದ ಬೂದೆಪ್ಪ. "ಹೊಲಿಗಿ ನಂದು. ರೊಟ್ಟಿನೂ ನಂದು. ತಪ್ಪಾತು ಸಾಹೇಬ್ರ."

ತರುಣ ಮುಖ ಆಚೆ ತಿರುಗಿಸಿದ. ಲಾಡ್ಲೇಸಾಬ್ ಹಳೆಯ ಗೆಳೆಯನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. "ಮನೀಗೆ ಹೋಗೋ ಬೂದೆಪ್ಪ. ಆರಾಮ ಮಾಡು. ಸೀಟು ಬೇರೆಯವರಿಗೆ ಕೊಡ್ತೀನಿ," ಎಂದ ಮೆತ್ತಗೆ. ಬೂದೆಪ್ಪ ಹಸಿರು ತುಂಡನ್ನು ಎಡಗೈಯಲ್ಲಿ ಎತ್ತಿ ಕಿಸೆಗೆ ಹಾಕಿಕೊಂಡ. ಕತ್ತರಿಯ ಗಂಟು ಬೆಂಚಿನ ಮೇಲೆಯೇ ಉಳಿಯಿತು. ಗುರುಶಾಂತ ತರಲು ಹೋದರೆ, "ಇರಲಿ ಅಲ್ಲೇ," ಎಂದ.

ಮನೆ ಮುಟ್ಟಿದಾಗ ಊಟದ ಹೊತ್ತು. ಮಗನ ಮುಖ ಕಂಡೇ ಹಂಪಮ್ಮ ಕೈಯಲ್ಲಿದ್ದ ಚೆಂಬನ್ನು ಕೆಳಗಿಟ್ಟಳು. ಬೂದೆಪ್ಪ ಎಂದಿನ ಜಾಗದಲ್ಲಿ ಗೋಡೆಗೆ ಒರಗಿ ಕೂತ. ಸುಮಂಗಲಾ ತಾಟು ತಂದಿಟ್ಟಳು. ಅವನು ಕಿಸೆಯಿಂದ ಹಸಿರು ತುಂಡು ತೆಗೆದು ತಾಟಿನ ಪಕ್ಕ ಇಟ್ಟ.

"ಎಷ್ಟು ಸಾಲು?" ಎಂದ.

ಹಂಪಮ್ಮ ಎದುರಿಗೆ ಕೂತಳು. "ಒಂದೆರಡರೀ. ಭಾಳ ಡೊಂಕಾದದ್ದು ಅಷ್ಟ."

"ಎಷ್ಟು ಸಾಲು, ಹಂಪಿ?"

"ಎಲ್ಲಾ."

"ಚೀಲಾನೂ?"

"ಚೀಲಾನೂ."

ಅವನು ತಲೆಯಾಡಿಸಿದ. ಸಿಟ್ಟಿರಲಿಲ್ಲ. ಸಿಟ್ಟು ಬರಲಿ, ತಾಟು ಒದೆಯಲಿ, ಬಯ್ಯಲಿ ಎಂದು ಮೂವರೂ ಕಾದರು. ಬಲಗೈ ಮಡಿಲಿನಲ್ಲಿ ಅಂಗಾತ ಬಿದ್ದಿತ್ತು.

"ಉಣ್ರಿ ಮಾವಾರ," ಎಂದಳು ಸುಮಂಗಲಾ.

"ಹೊಲಿಗಿ ನನ್ನದು ಖರೆ," ಎಂದಳು ಹಂಪಮ್ಮ. "ಉಂಡದ್ದು ನಿಮ್ಮ ಕೈರೀ. ರೊಟ್ಟಿ ಮುರಿದದ್ದು ನಿಮ್ಮ ಕೈ. ಅದರಾಗ ನಾ ಕೈ ಹಾಕಿಲ್ಲ. ದೇವರಾಣಿ ಹಾಕಿಲ್ಲ."

"ಯಾವುದು ನಂದು, ಯಾವುದು ನಿಂದು," ಎಂದ ಬೂದೆಪ್ಪ, "ನನಗ ಇನ್ನ ಹ್ಯಾಂಗ ತಿಳೀಬೇಕು?"

ಅಷ್ಟು ಹೇಳಿ ಅವನು ಬಾಯಿ ತೆರೆದ. ಮಾತಿಗಲ್ಲ. ತೆರೆದುಕೊಂಡು ಕೂತ.

ಆ ಬಾಯಿ ತೆರೆಯಲಿ ಎಂದು ಹಂಪಮ್ಮ ಹನ್ನೊಂದು ದಿನ ಬೇಡಿಕೊಂಡಿದ್ದಳು. ಈಗ ರೊಟ್ಟಿ ಮುರಿದಳು, ಬ್ಯಾಳಿಯಲ್ಲಿ ಕಲಸಿದಳು, ತುತ್ತು ಮಾಡಿದಳು. ಕೈ ಮೇಲೇಳಲಿಲ್ಲ. "ಬ್ಯಾಡ್ರೀ," ಎಂದಳು. "ನಿಮ್ಮ ಕೈಲೆ ಉಣ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ನಿಮ್ಮ ಕೈಲೆ ಉಣ್ರಿ."

ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಮಂದಾಕಿನಿ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೂದೆಪ್ಪ ಅವಳನ್ನು ನೋಡಿದ. ಬಾಯಿ ಮುಚ್ಚಲಿಲ್ಲ.